ತವರಲ್ಲೊಂದು, ಗಂಡನೂರಲ್ಲೊಂದು

ಎನುಗು ಪಟ್ಟಣದ ಬಸ್ ನಿಲ್ದಾಣದ ಬೆಂಚಿನಲ್ಲಿ ಪಿಎಚ್‌ಡಿ ಓದುವ ಸೊಮಾದಿನಾ ತನ್ನ ಚಿಕ್ಕಮ್ಮನ ಮೇಲೆ ರೇಗುತ್ತಿದ್ದಳು. ಪಕ್ಕದಲ್ಲೇ ತನ್ನ ಬಸ್ಸಿಗೆ ಕಾಯುತ್ತ ಕೂತಿದ್ದ, ಅವರಿಗೆ ಪರಿಚಯವಿಲ್ಲದ ನ್ವಾಕೇಗೊ ಅಜ್ಜಿಗೆ ಕೇಳಿಸಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

"ನನ್ನ ಓದಿಗೇ ಕಲ್ಲು ಹಾಕ್ದೆ ಚಿಕ್ಕಮ್ಮ! ಚುನಾವಣೆಗೆ ನಿಂತ ಹೆಣ್ಣಿಗೆ ಓಟು ಹಾಕ್ತೀಯಾ ಅಂತ ನನ್ನ ಸಮೀಕ್ಷೆಗೆ ಕೇಳಿದ್ರೆ, ಗಂಡನೂರಲ್ಲಿ 'ಯಜಮಾನ್ರನ್ನ ಕೇಳು' ಅಂದೆ."

"ಮತ್ತೆ? ಅಲ್ಲಿ ನಾನು ಸೊಸೆ."

"ತವರಿಗೆ ಸಾವಿಗೆ ಬಂದಾಗ, 'ಹಾಕೇ ಹಾಕ್ತೀನಿ, ಗಂಡಸರನ್ನೇನು ಕೇಳೋದು' ಅಂದೆ!"

"ತವರಲ್ಲಿ ನಾನು ಮನೆಮಗಳು ಕಣೇ. ನಾವು ಹೆಣ್ಣುಮಕ್ಕಳು ಒಪ್ಪದೆ ಅಲ್ಲಿ ಹೆಣಾನೂ ಎತ್ತೋ ಹಾಗಿಲ್ಲ."

"ಎಲ್ಲಾ ಹೆಂಗಸರೂ ಹೀಗೇ ಎರಡೆರಡು ಮಾತು. 'ಬರೀ ಸುಳ್ಳು, ಎಲ್ಲಾ ಬಿಸಾಕು' ಅಂತಾರೆ ಪ್ರೊಫೆಸರು. ಎರಡು ವರ್ಷದ ಕೆಲಸ! ನಾನು ಕೇಳಿದ್ದು ಸೊಸೇನೂ ಅಲ್ಲ, ಮಗಳನ್ನೂ ಅಲ್ಲ, ಹೆಂಗಸನ್ನ!"

"ಬರೀ ಹೆಂಗಸು ಅನ್ನೋಳು ಯಾವೂರಲ್ಲಿ ಇರ್ತಾಳೆ, ತೋರ್ಸು ನೋಡೋಣ."

"ಈ ಬಸ್ ಸ್ಟ್ಯಾಂಡು ಎರಡೂ ಊರಲ್ಲ. ಈಗ ಹೇಳು, ಹಾಕ್ತೀಯಾ?"

ಬಸ್ಸು ಬಂತು. ಚಿಕ್ಕಮ್ಮ ಗಂಟು ಎತ್ತಿಕೊಂಡು, ಸುತ್ತ ನೋಡಿ ದನಿ ತಗ್ಗಿಸಿದಳು.

"ಹಾಕೋದೇನು ಬಂತು, ನಾನೇ ನಿಲ್ತೀನಿ."

ಅವಳನ್ನು ಹತ್ತಿಸಿಕೊಂಡು ಬಸ್ಸು ಗಂಡನೂರಿನ ಕಡೆ ಹೊರಟಿತು.