ಮುಂದಿನ ತುದಿಯ ಪೊರೆ

ಎಲ್ಲರಿಗೂ ನಮಸ್ಕಾರ. ಭಾವನವರೇ, ಅಕ್ಕನ ಮಗಳೇ, ಕಾರ್ಖಾನೆಯ ಹಿರಿಯರೇ, ಪಾಳಿ ಮುಗಿಸಿ ಬೂಟು ಕೂಡ ಬಿಚ್ಚದೆ ಬಂದು ಹಿಂದೆ ನಿಂತಿರುವ ಗೆಳೆಯರೇ — ಮುಂದೆ ಕುರ್ಚಿಗಳು ಖಾಲಿ ಇವೆ, ಬನ್ನಿ, ಕೂತುಕೊಳ್ಳಿ. ಅಕ್ಕ ಇದ್ದಿದ್ದರೆ ಇಷ್ಟು ಹೊತ್ತಿಗೆ ಗದರಿಸಿ ಕೂರಿಸಿರುತ್ತಿದ್ದರು.

ನಮ್ಮ ಜರಡಿ ಅಕ್ಕ ಹೋದರು. ಏನು ಹೇಳಲಿ... ನಾನು ಭಾಷಣಗಾರನಲ್ಲ. ಸಮುದ್ರದ ನೀರನ್ನು ಸಿಹಿನೀರು ಮಾಡುವ ನಮ್ಮ ಕಾರ್ಖಾನೆಯಲ್ಲಿ ನಾನು ಪೊರೆ ವಿಭಾಗದವನು. ಅವರು ಗೋಡೆಯ ಆಚೆ, ಕಡಲಿನ ಕಡೆ. ಮರಳು, ಪಾಚಿ, ಜಿಡ್ಡು ಎಲ್ಲವನ್ನೂ ಅವರು ತೆಗೆದ ಮೇಲೆಯೇ ನೀರು ನನ್ನ ಪೊರೆಗಳಿಗೆ ಬರಬೇಕು. ಒಂದೊಂದು ಕೊಳವೆಯೊಳಗೂ ಸಾಲಾಗಿ ಹಲವು ಪೊರೆಗಳು; ಅಲ್ಲಿ ಉಪ್ಪು ಬೇರೆಯಾಗುತ್ತದೆ. ನೋಡಲು ಬಂದ ದೊಡ್ಡವರೆಲ್ಲ ನನ್ನ ಹೊಳೆಯುವ ಕೊಳವೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಕ್ಕನ ತೊಟ್ಟಿಗಳ ಹತ್ತಿರ ಹೋದರೆ — ಹೀಗೆ — ಮೂಗು ಮುಚ್ಚಿಕೊಳ್ಳುತ್ತಿದ್ದರು. "ಬೇಯಿಸೋದು ನಾನು, ಬಡಿಸಿ ಹೆಸರು ತಗೊಳ್ಳೋದು ನೀನು ಕಣೋ!" ಅಂತ ಅಕ್ಕ ನನ್ನನ್ನು ಛೇಡಿಸುತ್ತಿದ್ದರು. ನಿಜವೇ ಆಗಿದ್ದರಿಂದ ನಾನು ಹಲ್ಲು ಕಿರಿಯುತ್ತಿದ್ದೆ.

ಭಾವನವರು ದರ್ಜಿ, ನಿಮಗೆ ಗೊತ್ತು. ಹೊಸ ಸೋಸುಬಟ್ಟೆ ಬಂದಾಗಲೆಲ್ಲ ಅಕ್ಕ ಒಂದು ತುಂಡು ಮನೆಗೆ ಒಯ್ಯುತ್ತಿದ್ದರು. ಭಾವ ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, "ನೇಯ್ಗೆ ಸಡಿಲ" ಅಂದರೆ ಸಾಕು — ಇಡೀ ಸರಕು ವಾಪಸ್! ಭಾವನಿಗೆ ಇದಕ್ಕೆ ಸಂಬಳವಿಲ್ಲ, ಒಂದು ಲೋಟ ಟೀ ಕೂಡ ಇಲ್ಲ. ನಗಬೇಡಿ ಭಾವ, ನೀವೇ ಹೇಳಿದ್ದು ಇದನ್ನ.

ಆಮೇಲೆ ಆ ವರ್ಷ. ಸಮುದ್ರ ಕೆಂಪಾದ ವರ್ಷ. ದಡದುದ್ದಕ್ಕೂ ಪಾಚಿ ಎದ್ದು ನೀರು ಗಂಜಿಯಂತಾಗಿತ್ತು. ನಮ್ಮ ಮ್ಯಾನೇಜರ್ ಸಾಹೇಬರು ಆಗ ಹೊಸಬರು — ಇಲ್ಲೇ ಕೂತಿದ್ದಾರೆ, ಅವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ. "ಕ್ಲೋರಿನ್ ಜಾಸ್ತಿ ಬಿಡಿ, ಎಲ್ಲ ಸತ್ತು ಹೋಗ್ಲಿ" ಅಂದರು. ಅಕ್ಕ ಸೊಂಟಕ್ಕೆ ಕೈ ಇಟ್ಟು ನಿಂತುಬಿಟ್ಟರು.

"ಸಾಯಿಸಿದ್ರೆ ಅದರ ಹೊಟ್ಟೆ ಒಡೆಯುತ್ತೆ ಸರ್. ಒಳಗಿನ ಲೋಳೆಯೆಲ್ಲ ನೀರಿಗೆ ಬರುತ್ತೆ. ಅದನ್ನ ನನ್ನ ಯಾವ ಜರಡಿನೂ ಹಿಡಿಯಲ್ಲ, ನೆಟ್ಟಗೆ ಹೋಗಿ ಪೊರೆಗೆ ಅಂಟುತ್ತೆ. ಜೀವ ಇರೋವಾಗ್ಲೇ ಮೆಲ್ಲಗೆ ತೇಲಿಸಿ ತೆಗೀಬೇಕು."

ತೊಟ್ಟಿಯ ತಳದಿಂದ ಸಣ್ಣ ಸಣ್ಣ ಗಾಳಿಗುಳ್ಳೆ ಬಿಡುವುದು. ಪಾಚಿ ಮೇಲೆ ಬಂದಾಗ ಹಾಲಿನ ಕೆನೆಯಂತೆ ತೆಗೆಯುವುದು. ಒಳ್ಳೆಯ ಉಪಾಯ. ಆದರೆ ನಿಧಾನ! ಊರಿಗೆ ಅರ್ಧ ನೀರು. ಗೇಟಿನ ಮುಂದೆ ಜನ ಬಕೆಟ್ ಬಡಿದು ಬೈಯುತ್ತಿದ್ದರು. ಸಾಹೇಬರಿಗೆ ತಲೆ ಕೆಟ್ಟುಹೋಯಿತು. "ಪೊರೆ ಹಾಳಾದ್ರೆ ನಿಮ್ಮ ಕುರ್ಚಿ ಉಳಿಯಲ್ಲ" ಅಂದರು.

"ಕುರ್ಚಿನಾ? ನಾನು ಅದರ ಮೇಲೆ ಕೂತಿದ್ದನ್ನ ಯಾವಾಗ ನೋಡಿದ್ರಿ ಸರ್?"

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ — ಅಕ್ಕ ಆ ದೊಣ್ಣೆ ಎತ್ತಲು ಬಿಡಲಿಲ್ಲ. ಸಮುದ್ರ ತಿಳಿಯಾಯಿತು. ಪೊರೆಗಳು ನಡೆದವು. ಸಾಹೇಬರು ಏನಂದರು ಗೊತ್ತೇ? "ಅದೃಷ್ಟ ಚೆನ್ನಾಗಿತ್ತು."

ಆ ಒಂದು ಮಾತು ಅಕ್ಕನ ಗಂಟಲಲ್ಲಿ ಮುಳ್ಳಾಗಿ ಉಳಿಯಿತು. ಪೊರೆಯ ಮೇಲೆ ನಿಜವಾಗಿ ಏನು ಕೂತಿದೆ ಎಂದು ತಿಳಿಯಬೇಕಾದರೆ ಅದರ ಆಯಸ್ಸು ಮುಗಿದ ಮೇಲೆ ಕೊಯ್ದು ಬಿಚ್ಚಿಯೇ ನೋಡಬೇಕು. ಅಷ್ಟರಲ್ಲಿ ಅಕ್ಕ ನಿವೃತ್ತರಾದರು. ಆಮೇಲೆ ಫೋನ್ ಮಾಡಿದಾಗಲೆಲ್ಲ ಹೆಂಡತಿ ಮಕ್ಕಳು ಹೇಗಿದ್ದಾರೆ ಅಂತ ಕೇಳುವ ಮೊದಲೇ — "ಬಿಚ್ಚಿದ್ರೇನೋ?"

ಹೋದ ತಿಂಗಳು ಬಿಚ್ಚಿದೆವು. ಅಕ್ಕ ಹಾಸಿಗೆ ಹಿಡಿದಿದ್ದರು. ಸಾಹೇಬರು ತಾವೇ ಒಂದು ತುಂಡನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಜೊತೆ ಹೊರಟರು. ಅಕ್ಕನ ಮನೆ ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು, ಇಬ್ಬರಿಗೂ ಏದುಸಿರು. ಮಗಳು ಅಕ್ಕನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. ಸಾಹೇಬರು ಬಟ್ಟೆ ಬಿಡಿಸಿದರು. ಬೆಳ್ಳಗೆ, ಫಳಫಳ!

ಅಕ್ಕ ನೋಡಿದರು. ಅವರ ಮುಖ ಅರಳಲಿಲ್ಲ.

"ಇದು ಕೊಳವೆಯ ಕೊನೇ ಪೊರೆ ಅಲ್ವಾ ಸರ್? ಕಡಲಿನ ಜಿಡ್ಡು ಕೂರೋದು ಮೊದಲನೇದರ ಮೇಲೆ. ರೋಗಿ ಅಂತ ಸಮಾಧಾನ ಮಾಡೋಕೆ ಬಂದ್ರಾ? ನೀರು ಒಳಗೆ ಬರೋ ಕಡೇದು, ಮುಂದಿನ ತುದೀದು ತಗೊಂಡು ಬನ್ನಿ."

ಸಿಕ್ಕಿಬಿದ್ದೆವು! ಮುಂದಿನ ತುದಿಯ ಪೊರೆ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಕಂಡು ಅಕ್ಕ ನೊಂದುಕೊಳ್ಳುತ್ತಾರೆ ಎಂದೇ ಸಾಹೇಬರು ಅದನ್ನು ತಂದಿರಲಿಲ್ಲ. ಪಾಪ, ಮನಸ್ಸು ಒಳ್ಳೆಯದೇ. ಆದರೆ ಜರಡಿ ಅಕ್ಕನ ಕಣ್ಣಿಗೆ ಮಣ್ಣೆರಚುವುದುಂಟೇ?

ಮರುದಿನ ಅದನ್ನೂ ತಂದೆವು. ಅಕ್ಕ ತೊಡೆಯ ಮೇಲೆ ಹರಡಿಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಹೆಬ್ಬೆರಳಿನಿಂದ — ಹೀಗೆ, ಒಂದೇ ಸಲ — ಉಜ್ಜಿದರು. ಕಂದು ಬಣ್ಣ ಬೆರಳಿಗೆ ಬಂತು. ಕೆಳಗೆ ಪೊರೆ ಬೆಳ್ಳಗಿತ್ತು, ಒಂದು ಗೀರೂ ಇಲ್ಲ.

"ಒರೆಸಿದ್ರೆ ಹೋಗುತ್ತೆ" ಅಂದರು ಅಕ್ಕ. ನಕ್ಕರು. "ಸಮುದ್ರ ಅಂದ್ಮೇಲೆ ಕೊಳೆ ಬಂದೇ ಬರುತ್ತೆ ಕಣೋ. ಬರಬಾರದು ಅಂತ ನಾನು ಯಾವತ್ತೂ ಅಂದಿಲ್ಲ. ಅಂಟಿಕೋಬಾರದು, ಅಷ್ಟೆ."

ಸಾಹೇಬರು ಅವರ ಆ ಕೊಳೆಯಾದ ಕೈಯನ್ನೇ ಹಿಡಿದುಕೊಂಡರು. "ಅದೃಷ್ಟ ಅಲ್ಲಮ್ಮ. ನೀವೇ" ಅಂದರು. ಅಷ್ಟು ವರ್ಷ ಕಾದ ಮಾತು. ಅಕ್ಕ ಮಗಳನ್ನು ಕರೆದು, "ಕೇಳಿಸ್ತಾ? ನಿಮ್ಮಪ್ಪನಿಗೂ ಹೇಳು" ಅಂದರು. ಅಂದು ಅವರು ಹೊಟ್ಟೆ ತುಂಬ ಉಂಡರು ಎಂದು ಭಾವ ಹೇಳಿದರು. ಅದೇ ವಾರ ನಿದ್ದೆಯಲ್ಲೇ ಹೋದರು. ನನಗೆ ದುಃಖವಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಸಮಾಧಾನವಿದೆ.

ಈಗ ಒಂದು ನಿಮಿಷ ಮೌನವಾಗಿ ನಿಲ್ಲೋಣ. ಆದರೆ ಒಂದು ಬಿನ್ನಹ — ಸಾಹೇಬರೇ, ಮೊದಲು ನೀವು ಏಳಿ. ನಿಮ್ಮ ಹಿಂದೆ ನಾವೆಲ್ಲರೂ ಏಳುತ್ತೇವೆ.