ಮುಚ್ಚಿದ ಜಾಡಿಯ ಬಳಗ

ಹುಲ್ಲಿಗೂ ಹುಳಕ್ಕೂ ಒಂದೇ ಉಸಿರು ತುಂಬಿದ ಸ್ವಾಮಿ, ನಿನ್ನ ಪಾದಕ್ಕೆ ಶರಣು!... ಹೂಂ, ನನ್ನ ಪ್ರಾರ್ಥನೆ ಮುಗೀತು ಕಣೆ, ಈಗ ಹೇಳು. ಮೇಷ್ಟ್ರಮ್ಮ ಆದ ಸೊಸೆ ಹೀಗೆ ಗಾಜಿನ ಜಾಡಿ ತಬ್ಬಿಕೊಂಡು ಅಡುಗೆಮನೆ ತುಂಬ ಕುಣಿದರೆ ಏನರ್ಥ?... ಮರಿಗಳಾ? ಯಾರಿಗೆ?... ಅಯ್ಯೋ, ಬಸವನಹುಳುವಿಗಾ! ಒಂದು ಕ್ಷಣ ನಾನೇ ಅಜ್ಜಿ ಆಗಿಬಿಟ್ಟೆ ಅಂದುಕೊಂಡೆ!

ಎಲ್ಲಿ, ತೋರಿಸು... ಅಬ್ಬಬ್ಬ! ಸಾಸಿವೆ ಕಾಳಿನಷ್ಟಿವೆ, ಆಗಲೇ ಬೆನ್ನ ಮೇಲೆ ಮನೆ ಬೇರೆ! ಹುಟ್ಟುತ್ತಲೇ ಸ್ವಂತ ಮನೆ. ಕೊಡೋ ದೇವರು ಕೊಟ್ಟರೆ ಹೀಗೇ ನೋಡು.

ಅಲ್ಲ, ನೀನು ಮಣ್ಣು, ನೀರು, ಪಾಚಿ, ಒಂದು ಪುಟ್ಟ ಗಿಡ, ಒಂದೇ ಒಂದು ಹುಳ ಹಾಕಿ, ಮುಚ್ಚಳಕ್ಕೆ ಟೇಪು ಸುತ್ತಿ ಈ ಕಿಟಕಿಯಲ್ಲಿಟ್ಟಾಗ ನಾನು ಏನಂದೆ? ಉಸಿರುಕಟ್ಟಿ ಸಾಯತ್ತಲ್ಲೇ, ಪಾಪ, ಅಂದೆ. "ಇಲ್ಲ ಅತ್ತೆ, ಇದೊಂದು ಪುಟ್ಟ ಭೂಮಿ. ಬೆಳಕು ಬಿಟ್ಟು ಹೊರಗಿಂದ ಏನೂ ಬೇಕಿಲ್ಲ" ಅಂದೆ ನೀನು. ಎಲೆ ಬಿಟ್ಟ ಗಾಳಿ ಹುಳಕ್ಕೆ, ಹುಳ ಬಿಟ್ಟ ಗಾಳಿ ಎಲೆಗೆ. ನೀರು ಆವಿಯಾಗಿ ಗಾಜಿಗೆ ಹನಿ ಕಟ್ಟಿ, ಮತ್ತೆ ಮಣ್ಣಿಗೇ ಮಳೆ. ಉದುರಿದ್ದು ಕೊಳೆತು ಗಿಡಕ್ಕೇ ಊಟ. ಕೇಳಿ ಮೈ ಜುಮ್ಮಂತು! ಇಂಥ ಏರ್ಪಾಡು ಅವನಿಗಲ್ಲದೆ ಇನ್ಯಾರಿಗೆ ಬರುತ್ತೆ? ನೀನು ಪರಿಸರ ಅಂದೆ, ನಾನು ಕೈ ಮುಗಿದೆ. ಹೆಸರು ಬೇರೆ, ಅಷ್ಟೇ.

ಏನಂದೆ? ನಾಳೆ ಶಾಲೆಯ ಪ್ರದರ್ಶನದಲ್ಲಾ?... ಮಕ್ಕಳು, ಅವರ ಅಪ್ಪ ಅಮ್ಮಂದಿರು, ಹೆಡ್‌ಮೇಡಮ್ಮು... ಎಲ್ಲರೆದುರು ನಿಂತು "ಒಂಟಿ ಹುಳ, ಮುಚ್ಚಿದ ಜಾಡಿ, ಯಾರೂ ಮುಟ್ಟಿಲ್ಲ, ಆದರೂ ಮರಿ" ಅಂತ ಹೇಳ್ತೀಯಾ?... ಹೇಳಲೇಬೇಕಾ? ಗಿಡದ ವಿಷಯ ಹೇಳಿ ಬಂದುಬಿಡು, ಸಾಕು...

ಯಾಕೆ ಹಾಗೆ ನೋಡ್ತೀಯ? ಬೆವರಾ? ಒಲೆ ಪಕ್ಕ ನಿಂತಿದ್ದೀನಲ್ಲ! ಎಲ್ಲ ಅವನ ಲೀಲೆ ಕಣೆ, ಮನಸ್ಸು ಮಾಡಿದರೆ ಒಂಟಿಗೂ ಸಂತಾನ ಕೊಡ್ತಾನೆ... ಹಾಂ? ಕೆಲವು ಜಾತಿಯಲ್ಲಿ ಒಂದೇ ಹುಳಕ್ಕೂ ಮರಿ ಆಗೋದುಂಟಾ? ನಿಜವಾಗಲೂ? ನೋಡಿದೆಯಾ, ನಿನ್ನ ಪುಸ್ತಕದಲ್ಲೇ ಇದೆ! ಅಬ್ಬ, ಬದುಕಿದೆ... ಅಂದರೆ, ಹುಳ ಬದುಕಿತು ಅಂದೆ.

ಎಲೆ?... ಹೌದೌದು, ಅಷ್ಟು ಬಾಯಿಗೆ ಆ ಗಿಡ ಯಾವತ್ತೋ ಬೋಳಾಗಬೇಕಿತ್ತು. ಆಗಿಲ್ಲ. ಅದೂ ಅವನ ದಯೆ! ಎಲ್ಲಿಗೆ ತಗೊಂಡು ಹೋಗ್ತೀಯ?... ಬೆಳಕಿಗಾ? ತಳದಲ್ಲಿ ಏನಿದೆ ನೋಡೋಕೆ, ಬರೀ ಮಣ್ಣು. ಬಾರೇ, ಹಾಲು ಉಕ್ಕುತ್ತೆ... ಏನದು, ಬೆರಳಿಟ್ಟು ತೋರಿಸ್ತಿದ್ದೀಯ?... ಸೊಪ್ಪು. ಹೂಂ. ಕೊತ್ತಂಬರಿ ಸೊಪ್ಪು ಇರಬೇಕು. ಗಾಳಿಗೆ ಹಾರಿ ಬಂದು...

ಯಾಕೆ ಜಾಡೀನ ನನ್ನ ಕಣ್ಣ ಹತ್ತಿರವೇ ತರ್ತೀಯ?

...ಹೌದು. ಸಣ್ಣಗೆ ಹೆಚ್ಚಿದ್ದು.

ಎಳೆ ಬಾಯಿ ಅಲ್ಲವಾ, ದೊಡ್ಡ ಎಲೆ ಗಂಟಲಿಗೆ ಸಿಕ್ಕೀತು ಅಂತ ಹೆಚ್ಚಿ ಹಾಕಿದೆ... ನಗು ಬಂದರೆ ನಕ್ಕುಬಿಡು. ನಗ್ತಾ ಇಲ್ಲವಾ?

ಸರಿ, ಕೂತ್ಕೋ. ನಾನು ಪ್ರಾರ್ಥನೆಗೆ ಕೂತಾಗೆಲ್ಲ ಅದು ಒಂಟಿಯಾಗಿ ಗಾಜಿಗೆ ಮುಖ ಒತ್ತಿಕೊಂಡು ನನ್ನನ್ನೇ ನೋಡ್ತಿತ್ತು ಕಣೆ. ಸ್ವಾಮಿ, ಎಲ್ಲ ಕೊಟ್ಟೆ, ಇದಕ್ಕೊಂದು ಜೊತೆ ಕೊಡಲಿಲ್ಲವಲ್ಲ, ಅನ್ನಿಸಿತು. ಹಿತ್ತಿಲ ಕುಂಡದಲ್ಲಿ ಇನ್ನೊಂದು ಸಿಕ್ಕಿತು. ಟೇಪು ಬಿಚ್ಚಿ ಒಳಗೆ ಬಿಟ್ಟೆ, ಪಾಚಿಯಡಿ ಅವಿತಿದ್ದು ನಿನಗೆ ಕಾಣಲಿಲ್ಲ. ಮರಿಗಳಾದವು. ಎಲೆ ಸಾಲಲಿಲ್ಲ, ಸೊಪ್ಪು ಹಾಕಿದೆ. ಸೊಪ್ಪು ಕೊಳೆತು ನಾತ ಬಂತು, ತೆಗೆಯೋಕೆ ಮತ್ತೆ ಬಿಚ್ಚಿದೆ. ಒಂದು ಸಲ ಕೈ ಹಾಕಿದ್ದೇ ತಡ, ದಿನಾ ಕೈ ಹಾಕೋ ಹಾಗಾಯ್ತು! ಅವನು ನಡೆಸ್ತಿದ್ದಾಗ ತಾನೇ ತಾನಾಗಿ ನಡೀತಿತ್ತು. ಅವನಿಗೆ ಸಹಾಯ ಮಾಡೋಕೆ ಹೋದೆ ನೋಡು, ಸುಸ್ತಾಗಿಹೋದೆ!

ಬೈದಾದರೂ ಬಿಡೇ. ನಾಳೆ ಅಷ್ಟು ಜನರೆದುರು ನೀನು "ಯಾರೂ ಮುಟ್ಟಿಲ್ಲ" ಅಂದರೆ, ಸುಳ್ಳು ನನ್ನದು, ಬಾಯಿ ನಿನ್ನದು. ಅದು ಬೇಡ. ನಾನೇ ಶಾಲೆಗೆ ಬರ್ತೀನಿ, ಆ ಮಕ್ಕಳೆದುರು ನಾನೇ ಹೇಳ್ತೀನಿ.

...ಆಹಾ! ನಕ್ಕೆ! ನಕ್ಕೆ ತಾನೆ?... ಏನು? ಜಾಡಿ ಪಕ್ಕದಲ್ಲೇ ಕುರ್ಚಿ ಹಾಕಿ ನನ್ನನ್ನೂ ಕೂರಿಸ್ತೀಯಾ? ಇದು ಪರಿಸರ, ಇದು ಅದರೊಳಗೆ ಕೈಯಾಡಿಸಿದ ಮನುಷ್ಯಪ್ರಾಣಿ ಅಂತಾ?... ಕೂರಿಸು ತಾಯಿ, ಕೂರಿಸು! ಒಳ್ಳೆ ಸೀರೆ ಉಟ್ಟುಕೊಂಡೇ ಬರ್ತೀನಿ.

ನಿನ್ನ ಹೊಟ್ಟೆ ತಣ್ಣಗಿರಲಿ ಮಗಳೇ. ಈ ಪೆದ್ದಿಯ ಮಾತಿಗೆ ಕಿವಿ ಕೊಟ್ಟವರೆಲ್ಲ, ಗಾಜಿನ ಒಳಗಿರಲಿ, ಹೊರಗಿರಲಿ, ತುಂಬು ಉಸಿರಾಡಿಕೊಂಡು, ಹಂಚಿಕೊಂಡು ತಿಂದು, ನಗನಗ್ತಾ ಬಾಳಲಿ.