ಹುಳಕ್ಕಿರುವ ಮರ್ಯಾದೆ

ಶನಿವಾರ ಕೆಂಗಲ್ ಆಂಜನೇಯನ ದರ್ಶನ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಅತ್ತೆ, ಸೊಸೆ. ರೇಷ್ಮೆಹುಳು ಸಾಕುವ ಮನೆಯವರೆಂದು ಮಾತಿನಲ್ಲೇ ತಿಳಿಯಿತು. ಅತ್ತೆಯ ಹಣೆ ತುಂಬ ಸಿಂಧೂರ.

“ಎಲ್ಲಾರೂ ಗುಡಿ ಸುತ್ತು ಹಾಕ್ತಿದ್ರೆ, ನೀನು ಕಂಬಕ್ಕೊರಗಿ ನಿದ್ದೆ ಹೊಡೀತಿದ್ದೆ. ಮಾನ ಹೋಯ್ತು ಕಣಮ್ಮಿ.”

“ನಿದ್ದೆ ಅಲ್ಲ ಅತ್ತೆ, ಧ್ಯಾನ.”

“ದೇವ್ರ ತಾವ ಏನ್ ಕೇಳ್ಕಂಡೆ?”

“ಏನೂ ಕೇಳ್ಲಿಲ್ಲ. ಸುಮ್ಕೆ ಕೂತಿದ್ದೆ.”

“ಸುಮ್ಕೆ ಕೂರಕ್ಕೆ ಇಲ್ಲೀಗಂಟ ಬರ್ಬೇಕಿತ್ತಾ? ಮನೇಲೇ ಕೂತ್ಕೊ.”

“ಮನೇಲಿ ಕೂರಕ್ಕೆ ಬುಡ್ತೀರಾ? ಹುಳ ಪೊರೆ ಬುಡಕ್ಕೆ ಕೂತ್ರೆ ಸೊಪ್ಪು ಹಾಕ್ಬೇಡ, ತಟ್ಟೆ ಅಲ್ಲಾಡಿಸ್ಬೇಡ ಅಂತೀರ. ನಾನು ಒಸಿ ಹೊತ್ತು ಕಣ್ಮುಚ್ಚಿದ್ರೆ ಕೇರಿಗೆಲ್ಲ ಕೇಳಂಗೆ ಕೂಗ್ತೀರ.”

“ಹುಳ ಕೂತ್ರೆ ಪೊರೆ ಬುಡ್ತದೆ. ನೀನೇನ್ ಬುಟ್ಟೆ?”

“ಬುಡೋ ಹೊತ್ಗೆ ನೀವು ಭುಜ ಹಿಡ್ದು ಅಲ್ಲಾಡಿಸಿದ್ರಲ್ಲ!”

ಅವರ ಬಸ್ ಬಂತು. ಅತ್ತೆ ಜನರ ನಡುವೆ ನುಗ್ಗಿ ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ಸೊಸೆಯನ್ನು ಕೈಹಿಡಿದೆಳೆದು ಅಲ್ಲಿ ಕೂರಿಸಿದರು.

“ಈಗ ಕಣ್ಮುಚ್ಕೊ. ನಿನ್ನ ಯಾರೂ ಮುಟ್ಟಕಿಲ್ಲ. ರಾಮ್ನಗ್ರ ಬಂದಾಗ ಎಬ್ಬಿಸ್ತೀನಿ.”

ಅತ್ತೆಯ ಕೈ ಭುಜದ ಮೇಲೇ ಇದ್ದುದರಿಂದಲೋ ಏನೋ, ಬಸ್ ಹೊರಟಾಗಲೂ ಕಿಟಕಿಯಲ್ಲಿ ಸೊಸೆಯ ಕಣ್ಣು ತೆರೆದೇ ಇತ್ತು.